ನಾಲ್ಕೈದು ಮಕ್ಕಳಿಗೆ ಮನೆಯಲ್ಲೇ ಪಾಠ: ತಾಯಿಗೆ ಹೊತ್ತು ಸಾಲುತ್ತಾ?

ಪ್ರಶ್ನೆ: ನಮಗೆ ನಾಲ್ಕು ಮಕ್ಕಳು. ದೊಡ್ಡವಳು ಆರನೇ ತರಗತಿ, ಸಣ್ಣವನಿಗೆ ಇನ್ನೂ ಎರಡು ವರ್ಷ. ಮನೆಯಲ್ಲೇ ಓದಿಸಬೇಕು ಅಂತ ಆಸೆ ಇದೆ. ಆದರೆ ರೊಟ್ಟಿ, ಬಟ್ಟೆ, ನೀರು, ಸಣ್ಣವನ ಅಳು, ಇದರ ಮಧ್ಯೆ ಎಲ್ಲರ ಪಾಠ ಒಬ್ಬಳೇ ಹೇಗೆ ಮಾಡಲಿ? ನಿಮ್ಮ ಮನೆಯಲ್ಲಿ ಇಡೀ ದಿನ ಹೇಗೆ ನಡೆಯುತ್ತದೆ?
(ಸಿಂಧನೂರಿನ ಓದುಗರೊಬ್ಬರು)

ಅಕ್ಕ, ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ನಮ್ಮದು ಗಂಗಾವತಿ ಹತ್ತಿರದ ಊರು. ಐದು ಮಕ್ಕಳು. ದೊಡ್ಡವಳಿಗೆ ಹದಿನಾಲ್ಕು, ಕೊನೆಯವನಿಗೆ ಎರಡು. ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಬ್ಬಳೇ ನಾಲ್ಕು ತರಗತಿ ನಡೆಸೋಕೆ ಆಗಲ್ಲ. ನಡೆಸಬೇಕಾಗಿಯೂ ಇಲ್ಲ.

ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅದೊಂದಕ್ಕೇ ಹೇಳಿಕೊಡಬೇಕಾದದ್ದು ಎರಡೇ: ಓದು-ಬರಹ ಮತ್ತು ಲೆಕ್ಕ. ಉಳಿದದ್ದನ್ನು ಎಲ್ಲರಿಗೂ ಒಟ್ಟಿಗೆ ಮಾಡಬಹುದು. ಶಾಲೆಯ ಪೀರಿಯಡ್ ಒಂದು ಕೋಣೆ ತುಂಬ ಇರುವ ಮಕ್ಕಳಿಗಾಗಿ ಮಾಡಿದ್ದು. ಅಷ್ಟು ಜನರನ್ನು ಕೂರಿಸಿ, ಹಾಜರಿ ಕರೆದು, ಎಲ್ಲರ ಪುಸ್ತಕ ನೋಡಬೇಕು ಅಂದರೆ ಅಷ್ಟು ಹೊತ್ತು ಬೇಕೇ ಬೇಕು. ಮನೆಯಲ್ಲಿ ಒಂದು ಮಗುವಿನ ಜೊತೆ ಇಪ್ಪತ್ತು ನಿಮಿಷ ಕೂತರೆ ಅದಕ್ಕೆ ಎಲ್ಲಿ ತೊಡಕಾಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಕಳೆಯುವಾಗ ದಶಕ ಇಳಿಸಿಕೊಳ್ಳೋದು ಮರೆಯುತ್ತಿದೆಯೋ, ಒತ್ತಕ್ಷರ ಬಂದ ಕಡೆ ಓದು ನಿಲ್ಲುತ್ತಿದೆಯೋ, ಅಲ್ಲೇ ಗೊತ್ತಾಗುತ್ತದೆ. ನಾಲ್ಕು ಮಕ್ಕಳಿದ್ದರೂ ನೀವು ಹೀಗೆ ಕೂರುವ ಹೊತ್ತು ದಿನಕ್ಕೆ ಎರಡು ಗಂಟೆ ದಾಟಲ್ಲ.

ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ಕಲಿಯೋದು ಹೊಸದೇನಲ್ಲ. ನಿಮ್ಮೂರಿನ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಒಮ್ಮೆ ಹೋಗಿ ನೋಡಿ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದ ನಮ್ಮದೇ ಶಿಕ್ಷಕರು ಕಟ್ಟಿದ್ದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟಕ್ಕೆ ಕಲಿಕಾ ಏಣಿ ಅಂತಾರೆ. ಪ್ರತಿ ಮಗುವೂ ಅದರಲ್ಲಿ ತನ್ನ ಮೆಟ್ಟಿಲು ಯಾವುದು ಅಂತ ತಾನೇ ನೋಡಿಕೊಂಡು ಕಾರ್ಡ್ ತೆಗೆದುಕೊಳ್ಳುತ್ತದೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಆಗಾಗ ಬಂದು ನೋಡುತ್ತಾರೆ, ಮತ್ತೊಂದು ಗುಂಪು ಗೆಳೆಯರ ಸಹಾಯದಲ್ಲಿ ನಡೆಯುತ್ತದೆ, ಉಳಿದವರು ತಾವಾಗಿಯೇ ಮಾಡುತ್ತಾರೆ. ನಮ್ಮ ಮನೆಯ ದಿನ ನಿಂತಿರುವುದು ಇದೇ ಉಪಾಯದ ಮೇಲೆ. ಒಬ್ಬರು ನನ್ನ ಹತ್ತಿರ, ಇಬ್ಬರು ತಾವೇ, ಒಬ್ಬರು ಇನ್ನೊಬ್ಬರ ಜೊತೆ. ಆಮೇಲೆ ಜಾಗ ಬದಲು.

ಹೊತ್ತಿನ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇನಲ್ಲಿ ಹನ್ನೊಂದು ಗಂಟೆ ಆದ ಮೇಲೆ ಯಾವ ಮಗುವಿನ ತಲೆಗೂ ಲೆಕ್ಕ ಹತ್ತಲ್ಲ. ಹಾಗಾಗಿ ಲೆಕ್ಕ ಬೆಳಗ್ಗೆಯೇ, ತಿಂಡಿಗೂ ಮೊದಲು. ಆಗ ಸಣ್ಣವ ಇನ್ನೂ ಮಲಗಿರುತ್ತಾನೆ. ದೊಡ್ಡವರಿಬ್ಬರು ತಮ್ಮ ಲೆಕ್ಕ ತಾವು ಮಾಡಿ, ಬಾರದ್ದಕ್ಕೆ ಗುರುತು ಹಾಕಿಡುತ್ತಾರೆ. ನಾನು ಆರು ವರ್ಷದವನ ಜೊತೆ ಕೂರುತ್ತೇನೆ. ಆಮೇಲೆ ಒಗ್ಗರಣೆ ಮಂಡಕ್ಕಿಯೋ ಉಪ್ಪಿಟ್ಟೋ ತಿಂದು ಓದು ಶುರು. ಒಂಬತ್ತು ವರ್ಷದವಳು ಒಲೆ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಾಳೆ, ನಾನು ರೊಟ್ಟಿ ಬಡಿಯುತ್ತಾ ಕೇಳುತ್ತೇನೆ. ತಪ್ಪು ಓದಿದರೆ ಕಿವಿಗೇ ಗೊತ್ತಾಗುತ್ತದೆ, ಪುಸ್ತಕ ನೋಡಬೇಕಾಗಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಒಂದು ಗಂಟೆ ಸುಮ್ಮನಿರಬೇಕು. ನಿದ್ದೆ ಬಂದವರು ಮಲಗಲಿ, ಬಾರದವರು ಕತೆ ಪುಸ್ತಕ ಹಿಡಿಯಲಿ. ಈ ಒಂದು ಗಂಟೆ ನನ್ನದು. ಇದನ್ನು ಬಿಟ್ಟುಕೊಡಬೇಡಿ ಅಕ್ಕ. ದಣಿದ ತಾಯಿ ಸಂಜೆ ಹೊತ್ತಿಗೆ ಎಲ್ಲದಕ್ಕೂ ಕೂಗಾಡುತ್ತಾಳೆ, ಆಗ ಪಾಠ ಅಂದರೇನೇ ಮಕ್ಕಳಿಗೆ ಬೇಸರ ಬರುತ್ತದೆ.

ನಲ್ಲಿ ನೀರು ಬರುವ ದಿನ ಈ ಕ್ರಮ ಇರಲ್ಲ. ಅವತ್ತು ಕೊಡ, ಡ್ರಮ್ಮು, ಟ್ಯಾಂಕು ತುಂಬಿಸೋದೇ ಬೆಳಗಿನ ಕೆಲಸ. ಜಾತ್ರೆ, ಮದುವೆ, ಯಾರಿಗಾದರೂ ಜ್ವರ ಬಂದ ದಿನವೂ ಅಷ್ಟೇ. ವಾರಕ್ಕೆ ನಾಲ್ಕು ದಿನ ಪಾಠ ಸರಿಯಾಗಿ ನಡೆದರೆ ಸಾಕು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಒಟ್ಟಿಗೆ ಕಲಿಸೋದು ಅಂದೆನಲ್ಲ, ಅದಕ್ಕೆ ಒಂದು ಉದಾಹರಣೆ ಪೂರ್ತಿಯಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಪೇಪರಿನ ನಮ್ಮ ಜಿಲ್ಲೆಯ ಪುಟದಲ್ಲಿ ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಗದ್ದೆ ಇರುವವರೆಲ್ಲ ಮೊದಲು ನೋಡೋದು ಅದನ್ನೇ. ನಮ್ಮ ಮನೆಯಲ್ಲಿ ಆರು ವರ್ಷದವನು ಆ ಅಂಕಿಗಳನ್ನು ಓದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಸಾವಿರದ ಸ್ಥಾನ, ಲಕ್ಷದ ಸ್ಥಾನ ಅವನಿಗೆ ಹೀಗೇ ಬಂತು. ಒಂಬತ್ತು ವರ್ಷದವಳು ಚೌಕಳಿ ಹಾಳೆಯ ಮೇಲೆ ನೀರಿನ ಮಟ್ಟದ ಗ್ರಾಫ್ ಎಳೆಯುತ್ತಾಳೆ. ಪೂರ್ಣ ಮಟ್ಟ 1633 ಅಡಿ, ಅಲ್ಲಿಗೆ ಕೆಂಪು ಗೆರೆ. ಹನ್ನೊಂದರವನಿಗೆ ಕ್ಯೂಸೆಕ್. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಹಾಗಾದರೆ ನಮ್ಮ ಮಾಳಿಗೆಯ ಸಾವಿರ ಲೀಟರ್ ಟ್ಯಾಂಕು ಎಷ್ಟು ಹೊತ್ತಿಗೆ ತುಂಬುತ್ತದೆ? ಮೂವತ್ತೈದು, ಮೂವತ್ತಾರು ಸೆಕೆಂಡ್. ಆ ಉತ್ತರ ಬಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ನಲ್ಲಿಯಲ್ಲಿ ಅದೇ ಟ್ಯಾಂಕು ತುಂಬಲು ಕಾಯುವ ಹುಡುಗ ಅಲ್ವಾ.

ದೊಡ್ಡವಳಿಗೆ ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ ಅಂತ ಅವಳೇ ಭಾಗಿಸಿ ತೆಗೆದಳು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆಗ ನಮ್ಮ ಕಡೆ ಯಾರ ಬಾಯಲ್ಲಿ ಕೇಳಿದರೂ ಎರಡನೇ ಬೆಳೆಗೆ ನೀರು ಉಳಿಯುತ್ತಾ ಅನ್ನೋದೇ ಮಾತು. ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ದಿನಕ್ಕೆ ಎಂಟೂವರೆ ಟಿಎಂಸಿಗಿಂತ ಜಾಸ್ತಿ ಖಾಲಿ. ಈ ಲೆಕ್ಕ ಅಪ್ಪ ಮಗಳು ಕೂತು ಮಾಡಿದರು. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಸುಮಾರು 105 ಮಾತ್ರ ಯಾಕೆ ಹಿಡಿಯುತ್ತದೆ ಅನ್ನುವಲ್ಲಿಂದ ಹೂಳು, ಮಣ್ಣಿನ ಸವಕಳಿ, ಕಾಡು ಕಡಿಯೋದು, ಎಲ್ಲ ಬಂತು. ವಿಷಯ ಒಂದೇ, ಪ್ರತಿ ಮಗುವೂ ತನ್ನ ಮಟ್ಟಕ್ಕೆ ಅದನ್ನು ಹಿಡಿಯಿತು. ನನಗೆ ಆದ ಕೆಲಸ ಪೇಪರ್ ತೆಗೆದಿಟ್ಟದ್ದು, ನಾಲ್ಕು ಪ್ರಶ್ನೆ ಕೇಳಿದ್ದು.

ಇತಿಹಾಸಕ್ಕೂ ಹೀಗೇ. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು, ಎರಡು ಕಡೆ ಅಶೋಕನ ಶಾಸನ ಇದೆ. ಮಸ್ಕಿಯಂತೂ ನಿಮಗೆ ಪಕ್ಕದಲ್ಲೇ. ಅಲ್ಲಿಯವರೆಗೆ ಬೇರೆ ಕಡೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತಷ್ಟೇ ಇದ್ದು, ಆ ರಾಜ ಯಾರು ಅಂತ ಖಚಿತವಾಗಿರಲಿಲ್ಲ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ನಾಲ್ಕೂ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಬನ್ನಿ.

ಎರಡು ವರ್ಷದವನದ್ದೇ ದೊಡ್ಡ ಪರೀಕ್ಷೆ, ಅದು ನಿಜ. ಅವನಿಗೆ ಮೊದಲು ನಿಮ್ಮ ಹದಿನೈದು ನಿಮಿಷ ಕೊಡಿ. ಎತ್ತಿಕೊಳ್ಳಿ, ಆಡಿಸಿ, ತಿನ್ನಿಸಿ. ಹೊಟ್ಟೆ ಮನಸ್ಸು ಎರಡೂ ತುಂಬಿದ ಮಗು ಅರ್ಧ ಗಂಟೆ ತಾನೇ ಆಡುತ್ತದೆ. ಸೇರು, ಪಾವು, ಹುಣಸೆ ಬೀಜ, ಒಂದು ಪರಾತ ಕೊಟ್ಟರೆ ಸಾಕು. ಬೀಜ ಬಾಯಿಗೆ ಹಾಕದ ಹಾಗೆ ಒಬ್ಬರ ಕಣ್ಣು ಇರಲಿ.

ಆ ಒಬ್ಬರು ಯಾವಾಗಲೂ ದೊಡ್ಡ ಮಗಳೇ ಆಗಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಎಷ್ಟು ಹುಡುಗಿಯರು ತಮ್ಮ-ತಂಗಿಯರನ್ನು ಕಂಕುಳಲ್ಲಿ ಹೊತ್ತೇ ಶಾಲೆ ಬಿಟ್ಟಿದ್ದಾರೆ, ನೀವೂ ನೋಡಿದ್ದೀರಿ. ಹತ್ತಿ ಬಿಡಿಸೋಕೆ, ಮೆಣಸಿನಕಾಯಿ ಬಿಡಿಸೋಕೆ ಹೋದವರನ್ನೂ ನೋಡಿದ್ದೀರಿ. ಮನೆಪಾಠದ ಹೆಸರಿನಲ್ಲಿ ದೊಡ್ಡವಳು ಇನ್ನೊಬ್ಬ ತಾಯಿಯಾದರೆ, ಅವಳಿಗೆ ಶಾಲೆಯೇ ಮೇಲು. ನಮ್ಮ ಮನೆಯಲ್ಲಿ ಹತ್ತರಿಂದ ಹನ್ನೆರಡು ಅವಳ ಹೊತ್ತು. ಯಾರೂ ಅವಳನ್ನು ಕರೆಯುವ ಹಾಗಿಲ್ಲ, ನಾನೂ ಸೇರಿ. ತಮ್ಮನಿಗೆ ಒಂದಿಷ್ಟು ಹೊತ್ತು ಓದಿ ಹೇಳುವುದು ಅವಳಿಗೂ ಒಳ್ಳೆಯದೇ, ಹೇಳಿಕೊಟ್ಟಷ್ಟೂ ಗಟ್ಟಿಯಾಗುತ್ತದೆ. ಪಾತ್ರೆ, ಕಸ, ಬಟ್ಟೆ ಮಡಚುವುದು ಗಂಡುಮಕ್ಕಳಿಗೂ ಪಾಲು.

“ಯಾಕವ್ವಾ, ಹುಡುಗರನ್ನ ಸಾಲಿಗೆ ಕಳ್ಸಂಗಿಲ್ಲೇನು?” ಅಂತ ಎಲ್ಲರೂ ಕೇಳುತ್ತಾರೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರೂ, ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಯೂ ಬರುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಮಕ್ಕಳು ಕೂಲಿಗೆ ಹೋಗುವ ಊರುಗಳಲ್ಲಿ ಈ ಪ್ರಶ್ನೆ ಕೇಳಲೇಬೇಕು. ಕುಡಿಯಲು ನೀರು ಕೊಟ್ಟು ಕೂರಿಸಿ, ಮಕ್ಕಳ ಪುಸ್ತಕ ತೋರಿಸಿ. ಕಾನೂನು ತಿಳಿದಿರಲಿ: 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಮನೆಪಾಠಕ್ಕೆ ಸ್ಪಷ್ಟ ಅನುಮತಿಯೂ ಇಲ್ಲ. ಯಾವಾಗ ಬೇಕಾದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬಹುದು, ಅದು 4ನೇ ಸೆಕ್ಷನ್.

ಹತ್ತನೇ ತರಗತಿಗೆ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ 14 ತುಂಬಿದ ಮೇಲೆ ಹೆಸರು ಹಚ್ಚಬಹುದು, ಪರೀಕ್ಷೆ ವರ್ಷಕ್ಕೆ ಎರಡು ಸಲ. ರಾಜ್ಯ ಮಂಡಳಿಯ ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿಯೂ ಕೂರಬಹುದು. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಆದರೆ ಕಳೆದುಕೊಳ್ಳುವುದೂ ಇದೆ, ಅದನ್ನು ಹೇಳುವವರು ಕಡಿಮೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ಒಂದರಿಂದ ಹತ್ತನೇ ತರಗತಿವರೆಗೆ ಶಾಲೆಯಲ್ಲಿ ಓದಿದ ಪ್ರಮಾಣಪತ್ರ ಕೇಳುತ್ತಾರೆ. ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ತೋರಿಸಬೇಕು. ಹಳ್ಳಿಯ ಮಗುವಿಗೆ ಇದು ಸಣ್ಣ ನಷ್ಟ ಅಲ್ಲ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಹುಟ್ಟು ಇಲ್ಲವೇ ವಾಸದ ಆಧಾರದ ಮೇಲೆ ಸಿಗುತ್ತದೆ. ಆದರೆ ವಾಸಕ್ಕೆ ಪುರಾವೆ ಅಂತ ಬಹಳ ಜನ ಕೊಡೋದು ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನೇ. ನಿಮ್ಮ ಹತ್ತಿರ ಅದು ಇರಲ್ಲ. ಜನನ ಪ್ರಮಾಣಪತ್ರ, ರೇಷನ್ ಕಾರ್ಡು, ಅಪ್ಪ ಅಮ್ಮನ ದಾಖಲೆ, ಎಲ್ಲ ಒಂದು ಫೈಲಿನಲ್ಲಿ ಈಗಲೇ ಜೋಡಿಸಿಡಿ.

ನಿಮ್ಮ ಮಕ್ಕಳು ಈಗ ಶಾಲೆಯಲ್ಲಿದ್ದಾರಲ್ಲ, ಅವಸರ ಮಾಡಿ ಟಿಸಿ ತರಬೇಡಿ. ಬರುವ ಬೇಸಿಗೆ ರಜೆಯಲ್ಲಿ ಬೆಳಗಿನ ಎರಡು ಗಂಟೆ ಹೀಗೆ ನಡೆಸಿ ನೋಡಿ. ರಜೆ ಮುಗಿಯುವ ಹೊತ್ತಿಗೆ ದೊಡ್ಡವಳನ್ನು ಕೂರಿಸಿಕೊಂಡು ಅವಳಿಗೆ ಏನು ಬೇಕು ಅಂತ ಕೇಳಿ. ಗೆಳತಿಯರ ಜೊತೆ ಶಾಲೆಗೇ ಹೋಗುತ್ತೇನೆ ಅಂದರೆ ಕಳಿಸಿ, ಸಣ್ಣವರನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡರೂ ಆಯಿತು. ಹಾಗೆ ಮಾಡುವ ಮನೆಗಳೂ ಇವೆ.