ದೋಣಿಯ ಡೆಕ್‌ಗೆ ಗ್ಲಾಸ್ ಬಟ್ಟೆ: ಮಲೆನಾಡಿನಲ್ಲಿ ಹೇಗೆ, ಯಾವಾಗ

ಮರವನ್ನು ಬೇಗ ಕೊಳೆಸುವುದು ಸಮುದ್ರದ ನೀರಲ್ಲ, ಸಿಹಿನೀರು. ಉಪ್ಪಿದ್ದಲ್ಲಿ ಕೊಳೆಸುವ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಲಿಂಗನಮಕ್ಕಿ ಹಿನ್ನೀರಿನ ದೋಣಿಗೆ ಕೆಳಗೂ ಸಿಹಿನೀರು, ಮೇಲಿಂದ ಸುರಿಯುವುದೂ ಸಿಹಿನೀರು. ಹಾಗಾಗಿ ದೋಣಿಯ ಮೇಲ್ಹಾಸಾದ ಪ್ಲೈವುಡ್ ಡೆಕ್‌ಗೆ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ರಾಳ) ಹೊದಿಸಲೇಬೇಕು.

ಅಂಗಡಿಯಲ್ಲಿ ಸುಮ್ನೆ 'ಫೈಬರ್' ಅಂತ ಕೇಳಬೇಡಿ. ತುಂಡು ನಾರಿನ ಮ್ಯಾಟ್ ಕೊಡುತ್ತಾರೆ. ಅದರ ನಾರು ಹಿಡಿದಿಟ್ಟಿರುವ ಅಂಟು ಸಾಮಾನ್ಯವಾಗಿ ಕರಗುವುದು ಪಾಲಿಯೆಸ್ಟರ್ ರೆಸಿನ್ ಎಂಬ ಇನ್ನೊಂದು ಬಗೆಯ ರಾಳದಲ್ಲಿರುವ ಸ್ಟೈರೀನ್ ದ್ರಾವಕದಲ್ಲಿ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಸೆಟೆದುಕೊಂಡೇ ಇರುತ್ತದೆ. ನೇಯ್ದ ಗ್ಲಾಸ್ ಬಟ್ಟೆ ಕೇಳಿ. ಸಣ್ಣ ದೋಣಿಗೆ ಚದರ ಮೀಟರಿಗೆ 200 ಗ್ರಾಂ ತೂಕದ್ದು ಸಾಕು.

ನಮ್ಮ ಕಡೆ ಕೆಲಸ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿ. ಮಳೆಗಾಲ ಬೇಡವೇ ಬೇಡ. ಮರದ ತೇವ ಶೇ. 12ಕ್ಕಿಂತ ಕಡಿಮೆ ಇರಬೇಕು. ಅಂಗಳದಲ್ಲಿ ಅಡಿಕೆ ಚೆನ್ನಾಗಿ ಒಣಗುವ ದಿನಗಳೇ ಇದಕ್ಕೂ ಸರಿ. ಆದರೆ ಬೆಳಿಗ್ಗೆ ಶುರು ಮಾಡಬೇಡಿ. ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ನಾನು ಒಮ್ಮೆ ಒಂಬತ್ತು ಗಂಟೆಗೆ ಹಚ್ಚಿದ್ದೆ. ಹನ್ನೊಂದರ ಹೊತ್ತಿಗೆ ಬಟ್ಟೆಯ ಕೆಳಗೆ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದಿದ್ದವು. ಅಷ್ಟನ್ನೂ ಉಜ್ಜಿ ತೆಗೆಯಬೇಕಾಯಿತು. ಮಧ್ಯಾಹ್ನ ಇಳಿದ ಮೇಲೆ ಮರ ತಣ್ಣಗಾಗುತ್ತಾ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ರಾತ್ರಿ ಇಬ್ಬನಿ ಬೀಳದಂತೆ ಮಾಡಿನ ಕೆಳಗೇ ಇಡಿ.

ಎಪಾಕ್ಸಿಯ ಎರಡು ದ್ರವಗಳಾದ ರೆಸಿನ್, ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಷ್ಟೇ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಆಳದ ಲೋಟದಲ್ಲಿ ಬಿಟ್ಟರೆ ಕಾದು ಹೊಗೆಯಾಡುತ್ತದೆ. ಕೈಗವಸು ಮರೆಯಬೇಡಿ. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಬಿಡುವುದಿಲ್ಲ.

ಡೆಕ್ಕಿನ ಅಂಚನ್ನು ದುಂಡಗೆ ಉಜ್ಜಿ, ಇಲ್ಲವಾದರೆ ಬಟ್ಟೆ ಅಲ್ಲಿ ಎದ್ದು ನಿಲ್ಲುತ್ತದೆ. ಒಣ ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಎಪಾಕ್ಸಿ ಎಳೆಯಿರಿ. ಬೆಳ್ಳಗಿದ್ದ ಬಟ್ಟೆ ಕಣ್ಣೆದುರೇ ಮಾಯವಾಗಿ ಮರದ ಗೆರೆ ಕಾಣುತ್ತದಲ್ವಾ, ಆಗ ನಿಲ್ಲಿಸಿ. ಹೊಳೆಯುತ್ತಿದ್ದರೆ ಎಪಾಕ್ಸಿ ಹೆಚ್ಚಾಗಿದೆ, ಬಟ್ಟೆ ತೇಲುತ್ತಿದೆ. ರಬ್ಬರ್ ಪಟ್ಟಿಯಿಂದ ಎಳೆದು ತೆಗೆಯಿರಿ. ನೇಯ್ಗೆ ಕೈಗೆ ಹತ್ತಬೇಕು.

ಅಂಟಂಟಾಗಿರುವಾಗಲೇ ಇನ್ನೆರಡು ಕೋಟ್ ಹಚ್ಚಿದರೆ ನೇಯ್ಗೆ ಮುಚ್ಚುತ್ತದೆ. ಮಾರನೇ ದಿನ ಮೇಲೆ ಮೇಣದಂಥ ಜಿಡ್ಡು ಕಂಡರೆ ಮೊದಲು ನೀರಲ್ಲಿ ಉಜ್ಜಿ ತೊಳೆಯಿರಿ, ಆಮೇಲೆ ಸ್ಯಾಂಡ್‌ಪೇಪರ್. ಎಪಾಕ್ಸಿ ಬಿಸಿಲಿಗೆ ತಾಳುವುದಿಲ್ಲ, ತಿಳಿ ಬಣ್ಣದ ಪೇಂಟ್ ಬೇಕೇ ಬೇಕು.

ಆಮೇಲೆ ಹಗ್ಗ ಕಟ್ಟುವ ಕೊಂಡಿಗೆ ನೇರವಾಗಿ ಸ್ಕ್ರೂ ಹೊಡೆಯಬೇಡಿ. ದೊಡ್ಡ ತೂತು ಕೊರೆದು, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೇ ಸಣ್ಣ ತೂತು ಮಾಡಿ. ನೀರು ಮೊದಲು ಇಳಿಯುವುದೇ ಸ್ಕ್ರೂ ಪಕ್ಕದಲ್ಲಿ.