ಮಾರಿಯೊ ಗುಂಡಿಗೆ ಬಿದ್ದರೆ ಮೊದಲು ಟಿವಿಯನ್ನು ನೋಡಿ

ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಪೆಟ್ಟಿಗೆಗಳ, ಅಂದರೆ ಕನ್ಸೋಲ್‌ಗಳ ರಿಪೇರಿ, ಹಳೆಯ ಗೇಮ್‌ಗಳ ವಿಮರ್ಶೆ, ಎರಡೂ ನನ್ನ ಕೆಲಸ. ರಿಪೇರಿಗೆ ಬರುವ ಕಂಟ್ರೋಲರ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಬಿಚ್ಚಿ ನೋಡಿದರೆ ಬಟನ್ ಕೆಳಗಿನ ರಬ್ಬರ್ ಚೆನ್ನಾಗಿದೆ, ಬೋರ್ಡ್ ಶುಚಿಯಾಗಿದೆ, ವೈರ್ ತುಂಡಾಗಿಲ್ಲ. ತಂದವರದು ಮಾತ್ರ ಒಂದೇ ಮಾತು: "ಒತ್ತಿದರೂ ಟೈಮಿಗೆ ಜಂಪ್ ಆಗಲ್ಲ ಸಾರ್."

ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ: ಎಷ್ಟೋ ಸಲ ತಡ ಕಂಟ್ರೋಲರಿನದಲ್ಲ, ಟಿವಿಯದು. 1985ರ ಸೂಪರ್ ಮಾರಿಯೊ ಬ್ರದರ್ಸ್ ಸೆಕೆಂಡಿಗೆ ಸುಮಾರು 60 ಫ್ರೇಮ್ ಓಡುತ್ತದೆ. ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ಆಗಿನ ದಪ್ಪ ಸಿಆರ್‌ಟಿ ಟಿವಿ ಸಿಗ್ನಲ್ ಬಂದಂತೆಲ್ಲ ಗೆರೆಗೆರೆಯಾಗಿ ಪರದೆಗೆ ಬಿಡಿಸುತ್ತಿತ್ತು, ಏನನ್ನೂ ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಈಗಿನ ಟಿವಿ ಚಿತ್ರವನ್ನು ಮೊದಲು ಹಿಡಿದಿಟ್ಟುಕೊಂಡು, 240 ಗೆರೆಗಳನ್ನು 1080ಕ್ಕೋ 2160ಕ್ಕೋ ಹಿಗ್ಗಿಸಿ, ಅಂಚು ತಿದ್ದಿ, ಬಣ್ಣ ಹದಮಾಡಿ ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗೇಮ್ ಮುಂದೆ ಹೋಗಿರುತ್ತದೆ. ಗುಂಡಿಯ ಅಂಚು ನಿಮಗೆ ಕಾಣುವ ಹೊತ್ತಿಗೆ ಮಾರಿಯೊ ಅದರೊಳಗೆ ಬಿದ್ದಾಗಿದೆ. ಬಟನ್ ಒತ್ತಿದ್ದು ಕನ್ಸೋಲ್‌ಗೆ ಕೂಡಲೇ ಮುಟ್ಟಿತು. ನೀವು ನೋಡಿದ್ದೇ ತಡವಾಗಿ, ಹಾಗಾಗಿ ಒತ್ತಿದ್ದೂ ತಡವಾಗಿ.

ಒಬ್ಬರು ವಿಬ್-ರಿಬ್ಬನ್ ಬಗ್ಗೆ ಮಾತಾಡಲು ಬಂದಿದ್ದರು. ಹೆಚ್ಚು ಜನ ಆಡದ, 1999ರ ಪ್ಲೇಸ್ಟೇಷನ್ ಗೇಮ್ ಅದು. ಕಪ್ಪು ಪರದೆ, ಬಿಳಿ ಗೆರೆ, ಗೆರೆಯ ಮೇಲೆ ಹಾಡಿನ ತಾಳಕ್ಕೆ ನಡೆಯುವ ಮೊಲ. ತಪ್ಪುತ್ತಾ ಹೋದರೆ ಮೊಲ ಕಪ್ಪೆಯಾಗುತ್ತದೆ, ಇನ್ನೂ ತಪ್ಪಿದರೆ ಹುಳ. ನಿಮ್ಮ ಹಾಡಿನ ಸಿಡಿ ಹಾಕಿದರೆ ಅದಕ್ಕೂ ದಾರಿ ಹೊಸೆದು ಕೊಡುತ್ತದೆ. ನನಗೆ ಜೀವ ಅದು. "ಆಡಲಾಗದ ಗೇಮ್, 10ಕ್ಕೆ 3 ಕೊಟ್ಟೆ" ಅಂದಾಗ ಬೇಸರವಾಯಿತು. ಅವರ ಮನೆಗೇ ಹೋದೆ. ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಫೋನ್ ಹಿಡಿದು, ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ತೆಗೆದೆ. ಬಟನ್ ಇಳಿದಾಗಿನಿಂದ ಮೆನುವಿನ ಆಯ್ಕೆ ಕದಲುವವರೆಗೆ ಎಣಿಸಿದರೆ 36 ಫ್ರೇಮ್, ಅಂದರೆ 150 ಮಿಲಿಸೆಕೆಂಡ್. ಟಿವಿ ಚಿತ್ರದ ಜೊತೆ ಸದ್ದನ್ನೂ ತಡಮಾಡುತ್ತಿದ್ದುದರಿಂದ ಎರಡೂ ಹೊಂದಿಕೊಂಡೇ ಇದ್ದವು, ಪಾಪ, ಅವರಿಗೆ ಅನುಮಾನವೇ ಬಂದಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡುವ ಗೇಮ್ ಮೋಡ್ ಹಾಕಿ ಮತ್ತೆ ಎಣಿಸಿದೆವು: 18. ಆ ಸಂಜೆ ಮೊಲ ಮೊಲವಾಗಿಯೇ ಹಾಡು ಮುಗಿಸಿತು.

ಹಾಗಂತ ಎಲ್ಲವನ್ನೂ ಟಿವಿಯ ತಲೆಗೆ ಕಟ್ಟಲಾಗದು. ಕಂಟ್ರೋಲ್ ನಿಜಕ್ಕೂ ಕೆಟ್ಟದಾಗಿರುವ ಗೇಮ್‌ಗಳಿವೆ. 1991ರ ಸೋನಿಕ್‌ನ ಯುರೋಪ್ ಆವೃತ್ತಿ 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60ರ ಬದಲು 50 ಫ್ರೇಮ್‌ನಲ್ಲಿ, ಆರಕ್ಕೆ ಐದರಷ್ಟು ವೇಗದಲ್ಲಿ ಓಡುತ್ತದೆ, ಅಲ್ಲಿ ನಿಧಾನ ಗೇಮಿನದೇ. ಕೆಲವು ಟಿವಿಗಳು ಗೇಮ್ ಮೋಡ್‌ನಲ್ಲೂ 240 ಗೆರೆಯ ಸಿಗ್ನಲ್ಲನ್ನು 480ರ ಇಂಟರ್ಲೇಸ್ (ಒಂದು ಬಿಟ್ಟು ಒಂದು ಗೆರೆಯಾಗಿ ಎರಡು ಕಂತಿನಲ್ಲಿ ಬರುವ ಚಿತ್ರ) ಎಂದೇ ತಿಳಿದು, ಜೋಡಿಸಲು ಹೋಗಿ ತಡಮಾಡುತ್ತವೆ. ಅವಕ್ಕೆ ಪ್ರತ್ಯೇಕ ಅಪ್‌ಸ್ಕೇಲರ್, ಅಂದರೆ ಚಿತ್ರವನ್ನು ಟಿವಿಗೆ ಮುಂಚೆಯೇ ಹಿಗ್ಗಿಸಿ ಕೊಡುವ ಪೆಟ್ಟಿಗೆ, ಬೇಕಾಗಬಹುದು. ಕೊಳ್ಳುವ ಮೊದಲು ಅಳೆದು ನೋಡಿ.

ಆಟಿಕೆ ಬಂದೂಕು ಹಿಡಿದು ಪರದೆಯ ಬಾತುಕೋಳಿಗೆ ಗುರಿಯಿಡುವ ಡಕ್ ಹಂಟ್ ಗೇಮ್ ತರುವವರಿಗೆ ಮಾತ್ರ ಸೆಟ್ಟಿಂಗ್ಸ್‌ನಿಂದ ಏನೂ ಆಗುವುದಿಲ್ಲ. ಟ್ರಿಗರ್ ಎಳೆದಾಗ ಪರದೆ ಒಂದು ಫ್ರೇಮ್ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಬೆಳಕು ಸರಿಯಾಗಿ ಅದೇ ಗಳಿಗೆಗೆ ಬಂದೂಕಿಗೆ ಕಾಣಬೇಕು. ಅದಕ್ಕೆ ಸಿಆರ್‌ಟಿಯೇ ಆಗಬೇಕು. ಅಟ್ಟದ ಮೇಲೆ ಒಂದಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ.