ಕೀಬೋರ್ಡಿನ ಕಾಯರ್‌ಗೂ ಉಸಿರು ಬೇಕಲ್ವಾ?

"ಸರ್, ನನ್ನ ಕೀಬೋರ್ಡಿನ ಕಾಯರ್ ಸೌಂಡ್ ಚೆನ್ನಾಗಿಲ್ಲ, ಸೊಳ್ಳೆ ಹಾಡಿದ ಹಾಗಿದೆ. ಇದನ್ನು ಮಾರಿ ಮೇಲಿನ ಮಾಡೆಲ್ ತಗೊಳ್ಳಲಾ?" ತಿಂಗಳಿಗೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ಕಾಯರ್ ಅಂದರೆ ಹಲವರು ಸೇರಿ ಹಾಡಿದ ಹಾಗೆ ಕೇಳಿಸುವ ಸೌಂಡು. ತಡೀರಿ, ಮೊದಲು ನುಡಿಸಿ ತೋರಿಸಿ ಅನ್ನುತ್ತೇನೆ. ನುಡಿಸುತ್ತಾರೆ. ಎರಡೂ ಕೈಯಲ್ಲಿ ತುಂಬು ಕಾರ್ಡ್ (ಒಟ್ಟಿಗೆ ಒತ್ತಿದ ಹಲವು ಸ್ವರ), ದನಿಯನ್ನು ಹಿಡಿದಿಡುವ ಸಸ್ಟೇನ್ ಪೆಡಲ್ ಮೇಲೆ ಕಾಲಿಟ್ಟರೆ ತೆಗೆಯುವುದೇ ಇಲ್ಲ, ಬಲಗೈ ಕೀಬೋರ್ಡಿನ ಬಲತುದಿಯಲ್ಲಿ. ದಯವಿಟ್ಟು ಹೇಳಿ, ಆ ಸ್ವರವನ್ನು ಯಾವ ಮನುಷ್ಯ ಹಾಡುತ್ತಾನೆ?

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮ್ಮ ಗಂಟಲು, ಬಾಯಿ ಸೇರಿದರೆ ಒಂದು ಕೊಳವೆ, ದೊಡ್ಡ ಗಂಡಸಿಗೆ ಸುಮಾರು 17 ಸೆಂಟಿಮೀಟರ್. ಅವನು "ಆ" ಎಂದಾಗ ಸುಮಾರು 700 ಮತ್ತು 1,100 ಹರ್ಟ್ಸ್ ಹತ್ತಿರ ದನಿ ಗಟ್ಟಿಯಾಗುತ್ತದೆ. ಇದೇ ಫಾರ್ಮೆಂಟ್. ಅವನು ಸ ಹಾಡಲಿ, ಪ ಹಾಡಲಿ, ಈ ಜಾಗ ಹೆಚ್ಚು ಕದಲುವುದಿಲ್ಲ. ಅದಕ್ಕೇ ಎರಡೂ ನಮಗೆ ಒಬ್ಬನದೇ "ಆ" ಅನಿಸುತ್ತವೆ. ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಹಾಡಿದವರ ಒಂದು ರೆಕಾರ್ಡಿಂಗನ್ನೇ ಸ್ವರ ಏರಿಸಿ ಇಳಿಸಿ ಅಕ್ಕಪಕ್ಕದ ಹಲವು ಕೀಗಳಿಗೆ ಎಳೆದಿರುತ್ತಾರೆ. ಮೇಲಕ್ಕೆ ಎಳೆದಾಗ ಸ್ವರದ ಜೊತೆ ಫಾರ್ಮೆಂಟೂ ಮೇಲೆ ಹೋಗುತ್ತದೆ. ಒಂದು ಆಕ್ಟೇವ್, ಅಂದರೆ ಸ ಇಂದ ಮೇಲಿನ ಸ ತನಕ, ಎಳೆದರೆ 700 ಇದ್ದದ್ದು 1,400 ಆಗುತ್ತದೆ. ಅಂದರೆ 17 ಸೆಂಟಿಮೀಟರ್ ಕೊಳವೆ ಅರ್ಧಕ್ಕೆ ಕುಗ್ಗಿದ ಹಾಗೆ, ಗಂಡಸಿನ ದನಿ ಹಸುಗೂಸಿನ ಬಾಯಿಂದ ಬಂದ ಹಾಗೆ. ನಿಮಗೆ ಕೇಳಿಸುವ ಸೊಳ್ಳೆ ಇದೇ.

ದುಬಾರಿ ಮಾಡೆಲ್‌ನಲ್ಲಿ ರೆಕಾರ್ಡಿಂಗ್ ಜಾಸ್ತಿ ಇರಬಹುದು, ಎಳೆತ ಕಡಿಮೆ ಇರಬಹುದು. ನಿಮ್ಮ ಕಿವಿಯಿಂದ ಕೇಳದೆ ಕೊಳ್ಳಬೇಡಿ. ಆರ್ಕೆಸ್ಟ್ರಾ ಹುಡುಗರಿಗೆ ಒಂದು ಮಾತು: ಗಾಯಕರ ಶ್ರುತಿಗೆ ಅಂತ ಇಡೀ ಕೀಬೋರ್ಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಐದು ಮನೆ ಏರಿಸಿದಾಗ ನಿಮ್ಮ ಕಾಯರ್ ಕೂಡ ಐದು ಮನೆ ಏರಿತು. ಕೈಯನ್ನು ಕೆಳಗಿನ ಆಕ್ಟೇವ್‌ಗೆ ತನ್ನಿ. ಹಾಂ, ಕೀಬೋರ್ಡು ಕನ್ನಡ ಪದ ಹಾಡುತ್ತಾ ಅಂತಲೂ ಕೇಳುತ್ತಾರೆ. 2022ರಲ್ಲಿ ಬಂದ ಕ್ಯಾಸಿಯೊ ಸಿಟಿ-ಎಸ್1000ವಿ ಕೀಬೋರ್ಡು ನಾವು ಬರೆದುಕೊಟ್ಟ ಸಾಲನ್ನು ಹಾಡುತ್ತದೆ, ಆದರೆ ಅದು ಮಾಡಿರುವುದು ಇಂಗ್ಲಿಷ್, ಜಪಾನಿ ಭಾಷೆಗೆ.

ಉಸಿರಿನ ವಿಷಯ ನನಗೆ ಗೊತ್ತಾದದ್ದು ಒಂದು ಚರ್ಚಿನಲ್ಲಿ. ಕ್ರಿಸ್‌ಮಸ್ ತಾಲೀಮು. ನನ್ನ ಶಿಷ್ಯ ಚೆನ್ನಾಗಿಯೇ ನುಡಿಸುತ್ತಿದ್ದ, ಸ್ವರ ಎಲ್ಲವೂ ಸರಿ. ಆಲ್ಟೋ (ಹೆಂಗಸರ ಕೆಳದನಿ) ಹಾಡುವ ವಯಸ್ಸಾದ ಅಮ್ಮ ಒಬ್ಬರು ಕೇಳಿಸಿಕೊಂಡು, "ಈ ಪೆಟ್ಟಿಗೆಯೊಳಗಿನವರು ಉಸಿರೇ ತಗೊಳ್ಳಲ್ವಾ ಮಗಾ?" ಅಂದರು. ಆವತ್ತಿಂದ ಅದನ್ನೇ ಪಾಠ ಮಾಡಿಕೊಂಡೆ. 1960ರ ದಶಕದ ಮೆಲೊಟ್ರಾನ್ ಎಂಬ ಟೇಪ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಒಂದೊಂದು ಟೇಪ್ ಇರುತ್ತಿತ್ತು, ಸುಮಾರು 8 ಸೆಕೆಂಡಿನದು. ಟೇಪ್ ಮುಗಿದರೆ ದನಿ ನಿಂತಿತು, ಬೆರಳು ಎತ್ತಲೇಬೇಕು. ಈಗ ದನಿ ಲೂಪ್ ಆಗುತ್ತದೆ, ಅಂದರೆ ಮುಗಿಯದೆ ಮತ್ತೆ ಮತ್ತೆ ಸುತ್ತುತ್ತದೆ, ನಾವೇ ನೆನಪಿಟ್ಟು ಎತ್ತಬೇಕು.

ನಾನು ಹುಡುಗನಿಗೆ ಪೆಡಲ್ ಬಿಡಿಸಿದೆ. ನೀನೇ ಹಾಡಿಕೊಂಡು ನುಡಿಸು, ನಿನ್ನ ಉಸಿರು ಮುಗಿದಾಗ ಕೈ ಎತ್ತು, ಬಲಗೈಯಲ್ಲಿ ಎರಡು ಸ್ವರ ಸಾಕು ಅಂದೆ. ಅದೇ ಕೀಬೋರ್ಡು, ಅದೇ ಸೌಂಡು. ಎರಡನೇ ಸಾಲಿಗೆ ಆ ಅಮ್ಮ ತಮ್ಮ ಆಲ್ಟೋ ಸೇರಿಸಿ ಹಾಡತೊಡಗಿದರು.